ಸನ್ನೆ ಓದುವ ಗ್ಲೌಸ್ ಕೊಳ್ಳಲೇ, ಮಗಳ ಭಾಷೆ ಕಲಿಯಲೇ?

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆಯ ಒಂದು ಊರು. ಸಣ್ಣ ಕಿರಾಣಿ ಅಂಗಡಿ ಇದೆ. ಮಗಳಿಗೆ ಏಳು ವರ್ಷ, ಹುಟ್ಟಿನಿಂದಲೇ ಎರಡೂ ಕಿವಿ ಕೇಳುವುದಿಲ್ಲ. ಮಷೀನು ಹಾಕಿಸಿದ್ದೇವೆ, ದೊಡ್ಡ ಸದ್ದು ಬಿಟ್ಟರೆ ಅವಳಿಗೆ ಹೆಚ್ಚೇನೂ ತಿಳಿಯುವುದಿಲ್ಲ. ಎರಡು ವರ್ಷದಿಂದ ಕಿವುಡು ಮಕ್ಕಳ ವಸತಿ ಶಾಲೆಯಲ್ಲಿದ್ದಾಳೆ. ರಜೆಗೆ ಬಂದಾಗ ಪಟಪಟ ಅಂತ ಕೈಯಲ್ಲೇ ಮಾತಾಡುತ್ತಾಳೆ. ನಮಗೆ ಅರ್ಧವೂ ತಿಳಿಯದೆ ಸುಮ್ಮನೆ ತಲೆ ಆಡಿಸುತ್ತೇವೆ. ಅವಳಿಗೆ ಅದು ಗೊತ್ತಾಗಿ ಸಿಟ್ಟು ಮಾಡಿಕೊಂಡು ಹೊರಗೆ ಹೋಗುತ್ತಾಳೆ.

ಹೋದ ತಿಂಗಳು ಒಬ್ಬರು ಶಾಲೆಗೆ ಬಂದು ಗ್ಲೌಸ್ ತೋರಿಸಿದರು. ಅದನ್ನು ಹಾಕಿಕೊಂಡು ಸನ್ನೆ ಮಾಡಿದರೆ ಮೊಬೈಲು ಕನ್ನಡದಲ್ಲಿ ಹೇಳುತ್ತದೆ. ಬೆಲೆ 28 ಸಾವಿರ. ಗ್ಲೌಸ್ ಬೇಡವಾದರೆ ಕ್ಯಾಮೆರಾದಲ್ಲೇ ಸನ್ನೆ ಓದುವ ಆ್ಯಪ್ ಇದೆಯಂತೆ, ವರ್ಷಕ್ಕೆ ಇಷ್ಟು ಅಂತ ಕಟ್ಟಬೇಕು. 99 ಪರ್ಸೆಂಟ್ ಸರಿ ಇರುತ್ತದೆ ಎಂದರು. ನನ್ನ ಮೊಬೈಲಿಗೆ ಅಂಗೈ ತೋರಿಸಿದರೆ ತಾನೇ ಫೋಟೊ ತೆಗೆಯುತ್ತದೆ, ಹಾಗಾಗಿ ಇದೂ ನಿಜವಿರಬಹುದು ಅನ್ನಿಸಿತು. ನಮ್ಮ ಅವ್ವ ಮಾತ್ರ, "ಕೈ ಸನ್ನಿ ಮಾಡ್ಕೋಂತ ಕುಂತ್ರ ಕೂಸು ಬಾಯಿ ಬಿಡೂದ ಇಲ್ಲ, ಅದನ್ನ ಬಿಡಸ್ರಿ ಮೊದಲ" ಅನ್ನುತ್ತಾಳೆ. ಅಕ್ಕನ ಮಗ ಇಂಜಿನಿಯರಿಂಗ್ ಕೊನೆ ವರ್ಷ. ಇದೇ ವಿಷಯದ ಪ್ರಾಜೆಕ್ಟ್‌ಗೆ ನಮ್ಮ ಹುಡುಗಿಯ ವೀಡಿಯೊ ಬೇಕು ಅನ್ನುತ್ತಿದ್ದಾನೆ. ಸಾಲ ಮಾಡಿಯಾದರೂ ಗ್ಲೌಸ್ ತರಲೇ? ಯಂತ್ರವೇ ಹೇಳುತ್ತದೆ ಅಂದಮೇಲೆ ನಾವು ಸನ್ನೆ ಕಲಿಯಬೇಕೇ? ನನಗೆ ಈಗ ನಲವತ್ತೊಂದು.

ಉತ್ತರ: ಕೊನೆಯಿಂದಲೇ ಶುರು ಮಾಡುತ್ತೇನೆ. ಗ್ಲೌಸ್ ಕೊಳ್ಳಬೇಡಿ. ಅದಕ್ಕಾಗಿ ಸಾಲವಂತೂ ಬೇಡವೇ ಬೇಡ. ಆ್ಯಪ್‌ಗೂ ಸದ್ಯ ಹಣ ಕಟ್ಟಬೇಡಿ. ಸನ್ನೆ ನೀವು ಕಲಿಯಬೇಕು, ನಲವತ್ತೊಂದರಲ್ಲಿ ಕಲಿಯಲು ಆಗುತ್ತದೆ. ಕಂಪ್ಯೂಟರಿಗೆ ಕೈಸನ್ನೆ ಓದಲು ಕಲಿಸುವುದೇ ನನ್ನ ಕೆಲಸ. ಹದಿನಾಲ್ಕು ವರ್ಷ ಇದರಲ್ಲೇ ಕಳೆದಿದ್ದೇನೆ. ಈ ಕೆಲಸದ ಮೇಲೆ ನನಗೆ ನಂಬಿಕೆ ಇದೆ. ಹಾಗಿದ್ದೂ ಬೇಡ ಎನ್ನುತ್ತಿದ್ದೇನೆಂದರೆ ಯಾಕೆಂದು ಬಿಡಿಸಿ ಹೇಳಲೇಬೇಕು.

ಅಂಗೈ ತೋರಿಸಿದರೆ ಫೋಟೊ ತೆಗೆಯುವ ಮೊಬೈಲಿನ ಮಾತು ತೆಗೆದುಕೊಳ್ಳೋಣ. ನಿಮ್ಮ ಅನುಮಾನ ನ್ಯಾಯವಾದದ್ದೇ. ಆದರೆ ಆ ಮೊಬೈಲು ಉತ್ತರಿಸಬೇಕಾದ ಪ್ರಶ್ನೆ ಒಂದೇ: ತೆರೆದ ಅಂಗೈ ಇದೆಯೋ ಇಲ್ಲವೋ. ಕೈ ಕ್ಯಾಮೆರಾದ ಎದುರಿಗೇ ಇರುತ್ತದೆ, ನೀವು ಒಂದು ಕ್ಷಣ ಅಲುಗಾಡದೆ ನಿಂತಿರುತ್ತೀರಿ, ತಪ್ಪಾದರೆ ಒಂದು ಕೆಟ್ಟ ಫೋಟೊ, ಅಷ್ಟೆ. ಟಿ.ವಿ.ಯ ಮುಂದೆ ಕೈ ಬೀಸಿ ಚಾನೆಲ್ ಬದಲಿಸುವುದೂ ಹೀಗೆಯೇ. ಇಂಥವನ್ನು ನಾವು ಸಂಕೇತ ಗುರುತಿಸುವಿಕೆ ಎನ್ನುತ್ತೇವೆ. ಐದಾರು ಸಂಕೇತಗಳನ್ನು ನಾವೇ ಗೊತ್ತು ಮಾಡಿ, ಬಳಸುವವರಿಗೆ ಕಲಿಸುತ್ತೇವೆ. ಇಲ್ಲಿ ಮನುಷ್ಯ ಯಂತ್ರಕ್ಕೆ ಹೊಂದಿಕೊಳ್ಳುತ್ತಾನೆ. ನಿಮ್ಮ ಮಗಳು ರಜೆಯಲ್ಲಿ ಪಟಪಟ ಮಾಡುವುದು ಭಾಷೆ. ಅದಕ್ಕೆ ಸಾವಿರಾರು ಪದಗಳಿವೆ, ವ್ಯಾಕರಣವಿದೆ, ಅವಳು ಯಾವ ಯಂತ್ರಕ್ಕಾಗಿಯೂ ನಿಲ್ಲುವುದಿಲ್ಲ.

ಸನ್ನೆ ಎಂದರೆ ಗಾಳಿಯಲ್ಲಿ ಬಿಡಿಸಿದ ಚಿತ್ರ ಎಂದು ಕಲಿತವರೂ ಬಹುಕಾಲ ತಿಳಿದಿದ್ದರು. 1960ರಲ್ಲಿ ಅಮೆರಿಕದ ವಿಲಿಯಂ ಸ್ಟೋಕಿ ಎಂಬ ಅಧ್ಯಾಪಕರು ಅದು ಹಾಗಲ್ಲವೆಂದು ತೋರಿಸಿದರು. ಕನ್ನಡದ ಒಂದು ಪದವನ್ನು ಧ್ವನಿಗಳಾಗಿ ಒಡೆಯಬಹುದಲ್ಲ, ಹಾಗೆಯೇ ಒಂದು ಸನ್ನೆಯನ್ನು ಕೈಯ ಆಕಾರ, ಅದು ಮೈಯ ಯಾವ ಜಾಗದಲ್ಲಿದೆ ಎಂಬುದು, ಅದರ ಚಲನೆ ಎಂದು ಒಡೆಯಬಹುದು. ಒಂದು ಬದಲಾದರೆ ಪದವೇ ಬದಲು. ನಮ್ಮ ಭಾರತೀಯ ಸಂಜ್ಞಾ ಭಾಷೆಯದೇ ಉದಾಹರಣೆ ನೋಡಿ: ಗಂಡು ಎನ್ನಲು ಮೀಸೆಯ ಜಾಗ ತೋರಿಸುತ್ತಾರೆ, ಹೆಣ್ಣು ಎನ್ನಲು ಮೂಗುತಿಯ ಜಾಗ. ಎರಡಕ್ಕೂ ನಡುವೆ ಒಂದು ಬೆರಳಿನಷ್ಟು ಅಂತರ. ನಿಮಗೆ ತೋರಿಸಿದ ಗ್ಲೌಸಿಗೆ ಬೆರಳು ಎಷ್ಟು ಮಡಿಚಿದೆ, ಕೈ ಯಾವ ಕಡೆ ವಾಲಿದೆ ಎಂಬುದು ತಿಳಿಯುತ್ತದೆ. ಮೂಗು ಎಲ್ಲಿದೆ ಎಂಬುದು ಗ್ಲೌಸಿಗೆ ಹೇಗೆ ತಿಳಿಯಬೇಕು?

ಮೂಗಷ್ಟೇ ಅಲ್ಲ, ಮುಖವೇ ಅದಕ್ಕಿಲ್ಲ. ಸಂಜ್ಞಾ ಭಾಷೆಯ ಅರ್ಧ ವ್ಯಾಕರಣ ಮುಖದಲ್ಲಿರುತ್ತದೆ. "ಊಟ ಆಯಿತು" ಎನ್ನುವುದಕ್ಕೂ "ಊಟ ಆಯಿತಾ?" ಎನ್ನುವುದಕ್ಕೂ ಕೈ ಒಂದೇ ಇರಬಹುದು, ಏರಿದ ಹುಬ್ಬು ಪ್ರಶ್ನೆಯಾಗುತ್ತದೆ. ನಿಮ್ಮ ಮಗಳು ಹೊಟ್ಟೆ ತೋರಿಸಿ ನೋವಿನ ಸನ್ನೆ ಮಾಡುತ್ತ ತಲೆಯನ್ನು ಅಡ್ಡಡ್ಡ ಆಡಿಸಿದಳು ಎನ್ನಿ. ನೋವಿಲ್ಲ ಎಂದಳು ಅವಳು. ನೋವಿದೆ ಎನ್ನುತ್ತದೆ ಗ್ಲೌಸು. ಅಂಗಡಿಯಲ್ಲಿ ಇಂಥ ತಪ್ಪಾದರೆ ಸಕ್ಕರೆ ಬದಲು ರವೆ ಬಂದೀತು, ಆಸ್ಪತ್ರೆಯಲ್ಲಾದರೆ ಬೇರೆಯೇ ಮಾತು.

ಇನ್ನೊಂದು ಕಷ್ಟ ಹೊರಗಿನವರಿಗೆ ಹೊಳೆಯುವುದೇ ಇಲ್ಲ. ಸನ್ನೆಯಲ್ಲಿ ಕಥೆ ಹೇಳುವ ಮಗು ಮನುಷ್ಯರನ್ನು ಜಾಗದಲ್ಲಿ ಕೂರಿಸುತ್ತದೆ. ವಾರ್ಡನ್‌ರನ್ನು ಎಡಗಡೆ ಇಟ್ಟಳು, ಗೆಳತಿಯನ್ನು ಬಲಗಡೆ. ಆಮೇಲೆ ಹೆಸರು ಹೇಳುವುದಿಲ್ಲ, ಎಡಗಡೆಯ ಗಾಳಿಗೆ ಬೆರಳು ತೋರಿಸಿದರೆ ವಾರ್ಡನ್, ಎಡದಿಂದ ಬಲಕ್ಕೆ ಕೊಡುವ ಸನ್ನೆ ಸರಿದರೆ ವಾರ್ಡನ್ ಗೆಳತಿಗೆ ಕೊಟ್ಟರು. ಯಂತ್ರಕ್ಕೆ ಕಾಣುವುದು ಖಾಲಿ ಗಾಳಿಗೆ ತೋರಿದ ಬೆರಳು. ಯಾರನ್ನು ಎಲ್ಲಿ ಕೂರಿಸಿದ್ದಾಳೆಂದು ನೆನಪಿಟ್ಟುಕೊಳ್ಳುವುದು ಇವತ್ತಿಗೂ ನಮ್ಮ ಕ್ಷೇತ್ರದ ಬಗೆಹರಿಯದ ಕೆಲಸಗಳಲ್ಲಿ ಒಂದು.

ಗ್ಲೌಸಿನ ಯೋಚನೆ ಹೊಸದಲ್ಲ, 1980ರ ದಶಕದಿಂದಲೂ ಇದೆ. ಕೆಲವು ವರ್ಷಕ್ಕೊಮ್ಮೆ ಯಾರೋ ಅದನ್ನು ಮತ್ತೆ ಕಂಡುಹಿಡಿಯುತ್ತಾರೆ, ಪತ್ರಿಕೆಯಲ್ಲಿ ಫೋಟೊ ಬರುತ್ತದೆ. 2016ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳ ಗ್ಲೌಸಿಗೆ 10,000 ಡಾಲರ್ ಬಹುಮಾನ ಬಂತು. ಆಗ ಅದೇ ವಿಶ್ವವಿದ್ಯಾಲಯದ ಸಂಜ್ಞಾ ಭಾಷಾ ಅಧ್ಯಾಪಕರೂ ಕಿವುಡ ಸಮುದಾಯದವರೂ ಬಹಿರಂಗ ಪತ್ರ ಬರೆದು, ಮುಖವಿಲ್ಲದ ಇದು ನಮ್ಮ ಭಾಷೆಯನ್ನು ಅನುವಾದಿಸಲಾರದು, ಮಾಡುವ ಮೊದಲು ನಮ್ಮನ್ನು ಕೇಳಬೇಕಿತ್ತು ಎಂದರು. ಆ ಪತ್ರದಲ್ಲಿ ನನಗೆ ನಾಟಿದ ಮಾತು ಬೇರೆ. ಗ್ಲೌಸ್ ಹಾಕಿಕೊಳ್ಳುವ ಹೊರೆ ಯಾವಾಗಲೂ ಕಿವುಡರದೇ, ಕೇಳುವವರು ಏನನ್ನೂ ಕಲಿಯಬೇಕಾಗಿಲ್ಲ. ನಿಮ್ಮ ಮನೆಗೇ ಅನ್ವಯಿಸಿ ನೋಡಿ: ಏಳು ವರ್ಷದ ಮಗು ಅಪ್ಪನ ಜೊತೆ ಮಾತಾಡಬೇಕಾದರೆ ಮೊದಲು ಚಾರ್ಜ್ ಮಾಡಿಟ್ಟ ಗ್ಲೌಸ್ ಹಾಕಿಕೊಳ್ಳಬೇಕು. ನೀವು ಹೇಳಿದ್ದನ್ನು ಅವಳಿಗೆ ತಿಳಿಸಲು ಮಾತ್ರ ಆ ಗ್ಲೌಸಿಗೆ ಬರುವುದಿಲ್ಲ. ಜೊತೆಗೆ ಮಕ್ಕಳ ಕೈ ಬೆಳೆಯುತ್ತದೆ. ಇಂದು ಬಿಗಿಯಾಗಿ ಕೂತ ಸೆನ್ಸರ್ ಮುಂದಿನ ವರ್ಷ ಬೆರಳಿನ ಬೇರೆ ಗಂಟಿನ ಮೇಲಿರುತ್ತದೆ.

ಕ್ಯಾಮೆರಾ ಆ್ಯಪ್ ಇದಕ್ಕಿಂತ ಮೇಲು, ಅದು ಮುಖವನ್ನೂ ನೋಡಬಲ್ಲದು. ಅದು ಹೇಗೆ ಕೆಲಸ ಮಾಡುತ್ತದೆ ಎಂದು ಸ್ವಲ್ಪ ಹೇಳುತ್ತೇನೆ, ಆಮೇಲೆ 99ರ ಲೆಕ್ಕ ನಿಮಗೇ ಅರ್ಥವಾಗುತ್ತದೆ.

ಕ್ಯಾಮೆರಾದ ಚಿತ್ರದಿಂದ ಮೊದಲು ಕೈಯ ಎಲುಬುಗೂಡಿನಂಥ ಒಂದು ರೇಖಾಚಿತ್ರ ತೆಗೆಯುತ್ತೇವೆ. ಒಂದು ಕೈಗೆ 21 ಬಿಂದು: ಮಣಿಕಟ್ಟಿಗೆ ಒಂದು, ಬೆರಳೊಂದಕ್ಕೆ ನಾಲ್ಕು. ಗೂಗಲ್ 2019ರಲ್ಲಿ ಇದನ್ನು ಮಾಡುವ ತಂತ್ರಾಂಶವನ್ನು ಉಚಿತವಾಗಿ ಕೊಟ್ಟ ಮೇಲೆ ಸಾಮಾನ್ಯ ಮೊಬೈಲಿನಲ್ಲೂ ಇದು ಸಾಧ್ಯವಾಯಿತು. ಕಾಲೇಜು ಪ್ರಾಜೆಕ್ಟುಗಳು ಇಷ್ಟೊಂದು ಹುಟ್ಟಿಕೊಂಡದ್ದೂ ಆಮೇಲೆಯೇ. ಬಿಂದುಗಳು ಸಿಕ್ಕಮೇಲೆ ಅವು ಹೇಗೆ ಚಲಿಸುತ್ತವೆ ಎಂಬುದನ್ನು ಇನ್ನೊಂದು ಮಾಡೆಲ್ (ಉದಾಹರಣೆ ನೋಡಿ ಕಲಿತ ತಂತ್ರಾಂಶ) ನೋಡಿ, ತಾನು ಮೊದಲು ಕಂಡ ವೀಡಿಯೊಗಳಲ್ಲಿ ಯಾವುದಕ್ಕೆ ಹತ್ತಿರ ಎಂದು ಹೇಳುತ್ತದೆ. ಒಂದು ಕೈ ಇನ್ನೊಂದನ್ನು ಮರೆಮಾಡಿದರೆ ಬಿಂದುಗಳು ಅಂದಾಜಾಗುತ್ತವೆ. ಹೆಸರು, ಊರು ಮುಂತಾದವನ್ನು ಅಕ್ಷರ ಅಕ್ಷರವಾಗಿ ಕೈಯಲ್ಲಿ ತೋರಿಸುವ ಭಾರತೀಯ ಬೆರಳಕ್ಷರಗಳಲ್ಲಿ ಹೆಚ್ಚಿನವಕ್ಕೆ ಎರಡೂ ಕೈ ಬೇಕು, ಹಾಗಾಗಿ ಒಂದೇ ಕೈಯ ಅಮೆರಿಕನ್ ಅಕ್ಷರಗಳಿಗಿಂತ ನಮ್ಮವು ಯಂತ್ರಕ್ಕೆ ಕಷ್ಟ. ಸಂಜೆ ಮನೆಯ ಮಂದ ಬೆಳಕಿನಲ್ಲಿ ವೇಗವಾಗಿ ಸನ್ನೆ ಮಾಡಿದರೆ ಬೆರಳುಗಳು ಚಿತ್ರದಲ್ಲಿ ಕಲಸಿಹೋಗುತ್ತವೆ.

ಇಲ್ಲಿ ಗಮನಿಸಬೇಕಾದ್ದು "ಯಾವುದಕ್ಕೆ ಹತ್ತಿರ" ಎಂಬ ಮಾತು. ಐವತ್ತು ಪದ ಕಲಿತ ಯಂತ್ರಕ್ಕೆ ಐವತ್ತೊಂದನೆಯ ಪದ ತೋರಿಸಿದರೆ ಅದು ಗೊತ್ತಿಲ್ಲ ಎನ್ನುವುದಿಲ್ಲ, ಹಾಗೆನ್ನಲು ಬೇರೆಯಾಗಿ ಕಲಿಸಬೇಕು. ಐವತ್ತರಲ್ಲಿ ಒಂದನ್ನು ಹೆಕ್ಕಿ ಧೈರ್ಯವಾಗಿ ಹೇಳಿಬಿಡುತ್ತದೆ. ಆ ಮಾರಾಟಗಾರರು ಮತ್ತೆ ಬಂದರೆ ಅವರ ಯಂತ್ರದ ಮುಂದೆ ಸುಮ್ಮನೆ ತಲೆ ಕೆರೆದುಕೊಳ್ಳಿ, ತಲೆಗೂದಲು ಸರಿ ಮಾಡಿಕೊಳ್ಳಿ, ಅಂಗಡಿಯಲ್ಲಿ ಪೊಟ್ಟಣ ಕಟ್ಟುವಂತೆ ಕೈ ಆಡಿಸಿ. ಅದು ಏನೋ ಒಂದು ಕನ್ನಡ ಪದ ಹೇಳಿದರೆ ಒಳಗಿನ ಕಥೆ ನಿಮಗೆ ತಿಳಿಯಿತು.

99 ಪರ್ಸೆಂಟ್ ಸುಳ್ಳು ಎಂದು ನಾನು ಹೇಳುವುದಿಲ್ಲ. ಅದು ಯಾವ ಪರೀಕ್ಷೆಯಲ್ಲಿ ಬಂದ ಅಂಕ ಎಂದು ಕೇಳಬೇಕು. ಸಾಮಾನ್ಯವಾಗಿ ಆಗುವುದು ಇದು: ನಾಲ್ಕು ಗೆಳೆಯರು ಒಂದೇ ಕೋಣೆಯಲ್ಲಿ, ಒಂದೇ ಗೋಡೆಯ ಮುಂದೆ ನಿಂತು ಎ ಯಿಂದ ಝೆಡ್‌ವರೆಗೆ ಅಕ್ಷರ ಹಿಡಿದು ವೀಡಿಯೊ ಮಾಡುತ್ತಾರೆ. ಒಂದೇ ವೀಡಿಯೊದ ಕೆಲವು ಚಿತ್ರಗಳನ್ನು ಕಲಿಸಲು, ಉಳಿದವನ್ನು ಪರೀಕ್ಷೆಗೆ ಇಡುತ್ತಾರೆ. ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನೇ ಪಾಠ ಮಾಡಿದ ಹಾಗೆ. ಅಂಕ 99 ಬಾರದಿದ್ದರೆ ಆಶ್ಚರ್ಯ. ಕಲಿಕೆಯಲ್ಲಿ ಒಮ್ಮೆಯೂ ಕಾಣದ ಮನುಷ್ಯನನ್ನು, ಕಾಣದ ಜಾಗದಲ್ಲಿ ನಿಲ್ಲಿಸಿ ಪರೀಕ್ಷಿಸಿದಾಗ ನಿಜ ಹೊರಬೀಳುತ್ತದೆ.

ಪ್ರಾಮಾಣಿಕವಾಗಿ ನಡೆದ ಕೆಲಸದ ಅಂಕಗಳು ಹೇಗಿರುತ್ತವೆ ಗೊತ್ತೇ? 1990ರ ದಶಕದಲ್ಲಿ ಅಮೆರಿಕದ ಎಂ.ಐ.ಟಿ. ವಿಶ್ವವಿದ್ಯಾಲಯದ ಥ್ಯಾಡ್ ಸ್ಟಾರ್ನರ್ ಮತ್ತು ಅಲೆಕ್ಸ್ ಪೆಂಟ್‌ಲ್ಯಾಂಡ್ 40 ಪದಗಳಿಂದಾದ ಅಮೆರಿಕನ್ ಸಂಜ್ಞೆಯ ವಾಕ್ಯಗಳನ್ನು ಓದಿಸಿದರು: ಮೇಜಿನ ಮೇಲಿಟ್ಟ ಕ್ಯಾಮೆರಾದಿಂದ ಪದಗಳಲ್ಲಿ ನೂರಕ್ಕೆ 92 ಸರಿ, ಟೋಪಿಗೆ ಸಿಕ್ಕಿಸಿದ ಕ್ಯಾಮೆರಾದಿಂದ 98. ಸನ್ನೆ ಮಾಡಿದ್ದು ಒಬ್ಬರೇ. ಅಷ್ಟಕ್ಕೇ ಸಮಸ್ಯೆ ಮುಗಿಯಿತೆಂದು ಅನ್ನಿಸಬಹುದು. ಆದರೆ 2020ರಲ್ಲಿ 2000 ಅಮೆರಿಕನ್ ಸನ್ನೆಗಳ ದೊಡ್ಡ ಸಂಗ್ರಹ ಹೊರಬಂದಾಗ, ಒಂದೇ ಮಾಡೆಲ್ 100 ಪದಗಳಲ್ಲಿ ಹುಡುಕುವಾಗ ನೂರಕ್ಕೆ ಸುಮಾರು 66 ಸಲ ಸರಿ ಹೇಳಿತು, 2000 ಪದಗಳಲ್ಲಿ ಹುಡುಕುವಾಗ ಸುಮಾರು 32. ಆಮೇಲಿನ ಮಾಡೆಲ್‌ಗಳು ಇದನ್ನು ಸಾಕಷ್ಟು ಮೇಲೆತ್ತಿವೆ, ಆದರೆ ಪದಕೋಶ ಬೆಳೆದಂತೆ ತಪ್ಪು ಬೆಳೆಯುವ ಗುಣ ಹೋಗಿಲ್ಲ. ನಮ್ಮ ದೇಶದ್ದೇ ನೋಡಿ. ಅದೇ 2020ರಲ್ಲಿ ಚೆನ್ನೈನ ಸಂಶೋಧಕರು 'ಇನ್‌ಕ್ಲೂಡ್' ಎಂಬ ಭಾರತೀಯ ಸಂಜ್ಞೆಯ ಸಂಗ್ರಹ ಕೊಟ್ಟರು. 263 ಪದ, 4287 ವೀಡಿಯೊ. ಆಯ್ದ 50 ಪದಗಳಲ್ಲಿ 94.5, ಪೂರ್ತಿ 263ರಲ್ಲಿ 85.6 ಬಂತು. ಒಳ್ಳೆಯ ಕೆಲಸ, ನಾವೆಲ್ಲ ಅದನ್ನು ಬಳಸುತ್ತೇವೆ. ಆದರೆ ಪದಕ್ಕೆ 85.6 ಎಂದರೆ ಐದು ಪದದ ಒಂದು ವಾಕ್ಯ ಪೂರ್ತಿ ಸರಿ ಬರುವ ಸಾಧ್ಯತೆ ಅರ್ಧಕ್ಕಿಂತ ಕಡಿಮೆ. ಅದೂ ಬಿಡಿಬಿಡಿಯಾಗಿ ಮಾಡಿದ ಪದಗಳ ಲೆಕ್ಕ. ನಿಜವಾದ ಮಾತಿನಲ್ಲಿ ಒಂದು ಸನ್ನೆಯ ಕೊನೆ ಮುಂದಿನದರ ಮೊದಲಿಗೆ ಬೆಸೆದುಕೊಂಡಿರುತ್ತದೆ, ಎಲ್ಲಿ ಕತ್ತರಿಸಬೇಕೆಂದು ಯಂತ್ರಕ್ಕೆ ಯಾರೂ ಗೆರೆ ಎಳೆದು ಕೊಡುವುದಿಲ್ಲ.

ಈ ಪಾಠ ನಾನು ಕಲಿತದ್ದು ಪುಸ್ತಕದಿಂದಲ್ಲ. ಕೆಲಸ ಶುರುಮಾಡಿದ ಮೊದಲ ವರ್ಷಗಳಲ್ಲಿ ನಮ್ಮ ತಂಡದ ಯಂತ್ರ ಲ್ಯಾಬಿನಲ್ಲಿ ನೂರಕ್ಕೆ 96 ಸರಿ ಹೇಳುತ್ತಿತ್ತು. ಖುಷಿಯಿಂದ ಅದನ್ನು ಒಂದು ಕಿವುಡು ಮಕ್ಕಳ ಶಾಲೆಗೆ ಒಯ್ದೆವು. ಹಿಂದೆ ಕಿಟಕಿಯ ಬೆಳಕು, ಮಕ್ಕಳ ಕೈಯಲ್ಲಿ ಬಳೆ, ಉದ್ದ ತೋಳಿನ ಸ್ವೆಟರ್. ಅರ್ಧಕ್ಕರ್ಧ ತಪ್ಪು. ಕಿವುಡರೇ ಆದ ಒಬ್ಬ ಮೇಷ್ಟ್ರು ಅಷ್ಟೂ ಹೊತ್ತು ನಮ್ಮ ಪರದೆಯನ್ನೇ ನೋಡುತ್ತಿದ್ದರು. ಆಮೇಲೆ ಒಂದು ಚೀಟಿಯಲ್ಲಿ ಬರೆದು ಕೊಟ್ಟರು: "ಇದರಲ್ಲಿ ನನ್ನ ಮುಖ ಯಾಕಿಲ್ಲ?" ಲೆಕ್ಕ ಹಗುರವಾಗಲಿ ಎಂದು ನಾವು ಎದೆಯಿಂದ ಸೊಂಟದವರೆಗಿನ ಚಿತ್ರ ಮಾತ್ರ ಇಟ್ಟುಕೊಂಡಿದ್ದೆವು. ಆ ಚೀಟಿ ಇವತ್ತಿಗೂ ನನ್ನ ಮೇಜಿನ ಗಾಜಿನ ಕೆಳಗಿದೆ. ಅಲ್ಲಿಂದೀಚೆಗೆ ಕಿವುಡರು ತಂಡದಲ್ಲಿ ಸಂಬಳ ಪಡೆದು ಕೂತಿರದ ಯಾವ ಕೆಲಸಕ್ಕೂ ನಾನು ಕೈ ಹಾಕಿಲ್ಲ.

"ಕನ್ನಡದಲ್ಲೇ ಹೇಳುತ್ತದೆ" ಎಂಬುದರ ಬಗ್ಗೆ ಒಂದು ಮಾತು. ಸಂಜ್ಞಾ ಭಾಷೆ ಕನ್ನಡದ ಕೈಬರಹವಲ್ಲ, ಅದರ ವಾಕ್ಯ ಕಟ್ಟುವ ರೀತಿ ಅದರದೇ. ಪ್ರಶ್ನೆಯ ಸನ್ನೆ ಸಾಮಾನ್ಯವಾಗಿ ವಾಕ್ಯದ ತುದಿಗೆ ಬರುತ್ತದೆ, ನಮ್ಮ -ಗೆ, -ಇಂದ, -ಅಲ್ಲಿ ಎಂಬ ಪ್ರತ್ಯಯಗಳು ಅಲ್ಲಿಲ್ಲ. ಸನ್ನೆಯ ವೀಡಿಯೊ ಮತ್ತು ಅದರ ಅರ್ಥ ಜೋಡಿಯಾಗಿರುವ ದೊಡ್ಡ ಸಂಗ್ರಹ ಇಲ್ಲದೆ ನಿಜವಾದ ಅನುವಾದ ಕಲಿಸಲಾಗದು. 2024ರಲ್ಲಿ ಬಂದ 'ಐಸೈನ್' ಎಂಬ ಭಾರತೀಯ ಸಂಗ್ರಹದಲ್ಲಿ 1,18,000ಕ್ಕೂ ಹೆಚ್ಚು ಜೋಡಿಗಳಿವೆ, ಅರ್ಥ ಇರುವುದು ಇಂಗ್ಲಿಷಿನಲ್ಲಿ. ಹೀಗಾಗಿ ಇಂಥ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಇಷ್ಟು: ಸನ್ನೆಗೆ ಒಂದು ಇಂಗ್ಲಿಷ್ ಪದ, ಆ ಪದಕ್ಕೆ ಒಂದು ಕನ್ನಡ ಪದ, ಅದನ್ನು ಓದುವ ಧ್ವನಿ. "ನಾನು, ಶಾಲೆ, ಹೋಗು" ಎಂದು ಕೇಳಿಸೀತು. ಹೋಗುತ್ತೇನೋ, ಹೋಗುವುದಿಲ್ಲವೋ, ಹೋಗಲೋ?

ಊರಿಂದೂರಿಗೆ ಸನ್ನೆಯೂ ಬದಲಾಗುತ್ತದೆ. ಮದನ್ ವಸಿಷ್ಠ, ಜೇಮ್ಸ್ ವುಡ್‌ವರ್ಡ್ ಮೊದಲಾದ ಸಂಜ್ಞಾ ಭಾಷಾ ಸಂಶೋಧಕರು 1970ರ ದಶಕದ ಕೊನೆಯಿಂದ ದೆಹಲಿ, ಕೋಲ್ಕತ್ತ, ಮುಂಬೈ, ಬೆಂಗಳೂರಿನ ಸನ್ನೆಗಳನ್ನು ದಾಖಲಿಸಿದರು. ಎಲ್ಲೆಡೆಯ ವ್ಯಾಕರಣ ಒಂದೇ ಎನ್ನುವಷ್ಟು ಹತ್ತಿರ, ಪದಗಳಲ್ಲಿ ಮಾತ್ರ ವ್ಯತ್ಯಾಸ ಕಂಡಿತು. ಧಾರವಾಡದ ಕನ್ನಡ, ಮಂಗಳೂರಿನ ಕನ್ನಡ ಇದ್ದಂತೆ ಎನ್ನಿ. ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಂತೂ ಊರಿನದೇ ಒಂದು ಸಂಜ್ಞಾ ಭಾಷೆ ಬೆಳೆದಿದೆ. ತಲೆಮಾರುಗಳಿಂದ ಅಲ್ಲಿ ಕಿವುಡರ ಸಂಖ್ಯೆ ಹೆಚ್ಚಿದ್ದರಿಂದ ಕಿವಿ ಕೇಳುವ ಎಷ್ಟೋ ಮಂದಿಗೂ ಸನ್ನೆ ಬರುತ್ತದೆ. ದೆಹಲಿಯ ವೀಡಿಯೊ ನೋಡಿ ಕಲಿತ ಯಂತ್ರ ಅಲೀಪುರದಲ್ಲಿ ತಡವರಿಸುತ್ತದೆ. ಆ ಊರಿನವರಿಗೆ ಯಂತ್ರ ಬೇಕಾಗಲೂ ಇಲ್ಲ ಎಂಬುದು ನಿಮ್ಮ ಪ್ರಶ್ನೆಗೆ ಸಂಬಂಧಪಟ್ಟ ಸಂಗತಿಯೇ.

ಇನ್ನು ನಿಮ್ಮ ಅವ್ವನ ಮಾತು. ಅವರ ಆತಂಕ ಅವರೊಬ್ಬರದಲ್ಲ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಕಿವುಡರ ಶಿಕ್ಷಣದ ಸಮ್ಮೇಳನ, ಶಾಲೆಗಳಲ್ಲಿ ಸನ್ನೆ ಬಿಡಿಸಿ ಬಾಯಿಮಾತನ್ನೇ ಕಲಿಸಬೇಕು ಎಂದು ನಿರ್ಣಯ ಮಾಡಿತು. ಅದರ ನೆರಳು ನಮ್ಮ ದೇಶದ ಶಾಲೆಗಳ ಮೇಲೂ ಬಿತ್ತು, ಸನ್ನೆ ಮಾಡಿದ್ದಕ್ಕೆ ಕೈ ಕಟ್ಟಿಸಿ ಕೂರಿಸಿದ ನೆನಪು ಹಳಬರಲ್ಲಿ ಇನ್ನೂ ಇದೆ. 2010ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿದ ಅದೇ ಸಮ್ಮೇಳನ ಆ ನಿರ್ಣಯಗಳನ್ನು ತಿರಸ್ಕರಿಸಿ ವಿಷಾದ ಸೂಚಿಸಿತು. ಸನ್ನೆ ಕಲಿತದ್ದರಿಂದ ಮಗುವಿನ ಮಾತು ನಿಲ್ಲುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಎಳೆಯ ವಯಸ್ಸಿನಲ್ಲಿ ಯಾವ ಭಾಷೆಯೂ ಪೂರ್ತಿಯಾಗಿ ದಕ್ಕದೆ ಹೋದರೆ ಓದು, ಲೆಕ್ಕ, ಯೋಚನೆ ಎಲ್ಲಕ್ಕೂ ಪೆಟ್ಟು ಬೀಳುತ್ತದೆ ಎಂಬುದಕ್ಕೆ ಬೇಕಾದಷ್ಟಿದೆ. ಅವ್ವನಿಗೆ ಹೀಗೆ ಹೇಳಿ ನೋಡಿ: ಕೂಸು ಬಾಯಿ ಬಿಡಬೇಕಾದರೆ ಹೇಳಲು ಒಳಗೆ ಏನಾದರೂ ಇರಬೇಕಲ್ಲ, ಅದನ್ನು ಈಗ ಕೈ ತುಂಬಿಸುತ್ತಿದೆ. ಮಾತಿನ ತರಬೇತಿ ನಡೆಯುತ್ತಿದ್ದರೆ ನಡೆಯಲಿ. ಒಂದಕ್ಕಾಗಿ ಇನ್ನೊಂದನ್ನು ನಿಲ್ಲಿಸಬೇಡಿ. ಕಿವಿಯ ಯಂತ್ರದಿಂದ ಹೆಚ್ಚೇನೂ ಆಗುತ್ತಿಲ್ಲ ಎಂದು ಬರೆದಿದ್ದೀರಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಒಮ್ಮೆ ಮತ್ತೆ ತೋರಿಸಿ. ಅದು ನನ್ನ ಕ್ಷೇತ್ರವಲ್ಲ, ಅಲ್ಲಿನವರು ಹೇಳಬೇಕು.

ಹಾಗಾದರೆ ಏನು ಮಾಡಬಹುದು?

ಎಲ್ಲಕ್ಕಿಂತ ಮೊದಲು ಮನೆಯವರೆಲ್ಲ ಸನ್ನೆ ಕಲಿಯುವುದು. ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2015ರಲ್ಲಿ ಶುರುವಾಯಿತು. ಅದರ ವೀಡಿಯೊ ನಿಘಂಟಿನಲ್ಲಿ 2018ರಲ್ಲಿ 3000 ಪದಗಳಿದ್ದವು, 2021ರ ಹೊತ್ತಿಗೆ 10,000. ಅದೇ ಪದಗಳ 'ಸೈನ್ ಲರ್ನ್' ಎಂಬ ಸರ್ಕಾರಿ ಆ್ಯಪ್ ಉಚಿತ. 2024ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರದ ಪಾಠದ ಟಿ.ವಿ. ಯೋಜನೆಯಾದ ಪಿ.ಎಂ. ಇ-ವಿದ್ಯಾದ 31ನೇ ಚಾನೆಲ್ಲನ್ನು ಸಂಜ್ಞಾ ಭಾಷೆಗೆಂದೇ ತೆರೆದಿದ್ದಾರೆ. ಇದರಲ್ಲಿ ತೊಂದರೆ ಇಲ್ಲವೆಂದಲ್ಲ: ವೀಡಿಯೊ ನೋಡಿ ಕಲಿತರೆ ನಿಮ್ಮ ಕೈ ತಪ್ಪಿದ್ದನ್ನು ತಿದ್ದುವವರಿಲ್ಲ, ನಿಘಂಟಿನ ಸನ್ನೆಗೂ ಮಗಳ ಶಾಲೆಯ ಸನ್ನೆಗೂ ವ್ಯತ್ಯಾಸ ಬಂದೀತು. ಬಂದಾಗ ಮಗಳದ್ದನ್ನೇ ಹಿಡಿಯಿರಿ. ನಿಮ್ಮ ತಾಲ್ಲೂಕಿನಲ್ಲಿ ದುಡಿಯುತ್ತಿರುವ ಕಿವುಡ ಹಿರಿಯರು, ಟೈಲರ್ ಆಗಿಯೋ ಪ್ರೆಸ್ಸಿನಲ್ಲೋ, ಖಂಡಿತ ಇರುತ್ತಾರೆ. ಶಾಲೆಯಲ್ಲಿ ಕೇಳಿದರೆ ಗೊತ್ತಾಗುತ್ತದೆ. 28 ಸಾವಿರದ ಒಂದು ಪಾಲನ್ನು ಅವರಿಗೆ ಕೊಟ್ಟು ವಾರಕ್ಕೆ ಎರಡು ಸಂಜೆ ಮನೆಗೆ ಕರೆಸಿಕೊಳ್ಳಿ. ಆ ಹಣದಿಂದ ಮನೆಗೆ ಇದಕ್ಕಿಂತ ಒಳ್ಳೆಯದು ಬರಲಾರದು. ದೊಡ್ಡವಳಾದ ಮೇಲೂ ಹೀಗೆ ಕೆಲಸ ಮಾಡಿಕೊಂಡು, ಸಂಸಾರ ಮಾಡಿಕೊಂಡು ಇರಬಹುದು ಎಂಬುದನ್ನು ನಿಮ್ಮ ಮಗಳೂ ಕಣ್ಣಾರೆ ಕಾಣುತ್ತಾಳೆ.

ಆಸ್ಪತ್ರೆ, ಪೊಲೀಸ್ ಠಾಣೆ, ಕೋರ್ಟು, ಬ್ಯಾಂಕಿನ ಕಾಗದಪತ್ರ ಇಂಥ ಕಡೆಗಳಲ್ಲಿ ಸನ್ನೆಯನ್ನು ಮಾತಿಗೂ ಮಾತನ್ನು ಸನ್ನೆಗೂ ತಿರುಗಿಸುವ ಮನುಷ್ಯ ಇಂಟರ್‌ಪ್ರಿಟರ್ ಬೇಕು. ವೀಡಿಯೊ ಕರೆಯಲ್ಲಾದರೂ ಸರಿ. ಅಂಥವರು ಕಡಿಮೆ ಇದ್ದಾರೆ, ಹುಡುಕುವುದು ಕಷ್ಟ, ನೆಟ್ ಕೈಕೊಡುತ್ತದೆ. ಆದರೂ ಇಲ್ಲಿ ಯಂತ್ರವನ್ನು ನಂಬುವುದು ಅಪಾಯ. ಶಾಲೆಯಿಂದ ಒಬ್ಬಿಬ್ಬರ ನಂಬರ್ ಈಗಲೇ ತೆಗೆದಿಟ್ಟುಕೊಳ್ಳಿ, ತುರ್ತಿನಲ್ಲಿ ಹುಡುಕಿದರೆ ಸಿಗುವುದಿಲ್ಲ.

ಮಾತನ್ನು ಅಕ್ಷರ ಮಾಡುವ ಸೌಲಭ್ಯ ನಿಮ್ಮ ಮೊಬೈಲಿನಲ್ಲೇ ಇರಬಹುದು. ನೀವು ಕನ್ನಡದಲ್ಲಿ ಹೇಳಿದ್ದು ಬರಹವಾಗಿ ಕಾಣುತ್ತದೆ. ಸನ್ನೆ ಓದುವುದಕ್ಕಿಂತ ಇದು ಎಷ್ಟೋ ಮುಂದುವರಿದ ತಂತ್ರ. ನಿಮ್ಮ ಕಡೆಯ ಮಾತಿಗೆ ಅಲ್ಲಲ್ಲಿ ಎಡವುತ್ತದೆ, ನಿಧಾನವಾಗಿ ಬಿಡಿಸಿ ಹೇಳಿದರೆ ಪರವಾಗಿಲ್ಲ. ಮಗಳು ಕನ್ನಡ ಓದಲು ಕಲಿತಷ್ಟೂ ಇದರ ಉಪಯೋಗ ಹೆಚ್ಚು. ಈಗ ಎರಡನೆಯ ಕ್ಲಾಸಿನ ಮಟ್ಟದಲ್ಲಿ ಇದ್ದಾಳೆಂದರೆ ಇನ್ನೂ ನಾಲ್ಕೈದು ವರ್ಷ ಇದರ ಮೇಲೇ ಆತುಕೊಳ್ಳಲಾಗದು.

ಹಾಗಾದರೆ ಸನ್ನೆ ಓದುವ ಯಂತ್ರದಿಂದ ನಿಮಗೆ ಏನೂ ಪ್ರಯೋಜನವಿಲ್ಲವೇ? ಇದೆ, ಮತ್ತು ನನಗೆ ಅತ್ಯಂತ ಪ್ರಿಯವಾದ ಕೆಲಸ ಅದೇ. "ಇದು ಎರಡು ಸಾವಿರದಲ್ಲಿ ಯಾವ ಸನ್ನೆ?" ಎಂಬ ಪ್ರಶ್ನೆ ಯಂತ್ರಕ್ಕೆ ಕಷ್ಟ. "ನೀರು ಎಂಬ ಸನ್ನೆ ಮಾಡು ಎಂದೆ, ಸರಿಯಾಗಿ ಮಾಡಿದರೋ ಇಲ್ಲವೋ?" ಎಂಬುದು ಅದಕ್ಕಿಂತ ಬಹಳ ಸುಲಭ, ಏಕೆಂದರೆ ಏನನ್ನು ನಿರೀಕ್ಷಿಸಬೇಕೆಂದು ಮೊದಲೇ ಗೊತ್ತು. ತಪ್ಪಿದರೂ ನಷ್ಟವಿಲ್ಲ, ಇನ್ನೊಮ್ಮೆ ಮಾಡಿದರಾಯಿತು. ನಾನು ಹೇಳಿದ ಆ ಥ್ಯಾಡ್ ಸ್ಟಾರ್ನರ್, 40 ಪದಗಳಿಂದ ಶುರು ಮಾಡಿದವರು, ಈಗ ಅಮೆರಿಕದ ಇನ್ನೊಂದು ವಿಶ್ವವಿದ್ಯಾಲಯವಾದ ಜಾರ್ಜಿಯಾ ಟೆಕ್‌ನಲ್ಲಿ 'ಪಾಪ್‌ಸೈನ್' ಎಂಬ ಮೊಬೈಲ್ ಆಟದ ಹಿಂದಿದ್ದಾರೆ. ಬಣ್ಣದ ಗುಳ್ಳೆಗಳನ್ನು ಸನ್ನೆ ಮಾಡಿ ಒಡೆಯುವ ಆಟ. ಅದಕ್ಕಾಗಿ 47 ಮಂದಿ ಕಿವುಡರು 250 ಸನ್ನೆಗಳ ಎರಡು ಲಕ್ಷಕ್ಕೂ ಹೆಚ್ಚು ವೀಡಿಯೊ ಮಾಡಿಕೊಟ್ಟಿದ್ದಾರೆ. ಆ ಆಟ ಯಾರಿಗೆ ಗೊತ್ತೇ? ಕಿವುಡ ಮಕ್ಕಳ ಕಿವಿ ಕೇಳುವ ಅಪ್ಪ ಅಮ್ಮಂದಿರಿಗೆ. ಯಂತ್ರ ಅಲ್ಲಿ ಮಗುವಿನ ಕೈಯನ್ನು ತೂಗುವುದಿಲ್ಲ, ದೊಡ್ಡವರ ಕೈಯನ್ನು ತಿದ್ದುತ್ತದೆ. ಅದು ಅಮೆರಿಕನ್ ಸಂಜ್ಞೆ, ನಿಮಗೆ ಕೆಲಸಕ್ಕೆ ಬಾರದು, ಕಲಿಯಲು ಹೋಗಬೇಡಿ. ಭಾರತೀಯ ಸಂಜ್ಞೆಯಲ್ಲಿ ಇಂಥದ್ದು ಒಳ್ಳೆಯದಾಗಿ ಬಂದ ದಿನ ಹಣ ಕೊಟ್ಟಾದರೂ ತೆಗೆದುಕೊಳ್ಳಿ ಎಂದು ನಾನೇ ಹೇಳುತ್ತೇನೆ.

ಅಕ್ಕನ ಮಗನ ಪ್ರಾಜೆಕ್ಟಿಗೆ ಅಡ್ಡಿ ಮಾಡಬೇಡಿ, ಆದರೆ ಕೆಲವು ಮಾತು ಮೊದಲೇ ಆಡಿಕೊಳ್ಳಿ. ಸನ್ನೆಯ ವೀಡಿಯೊದಲ್ಲಿ ಮುಖ ಇರಲೇಬೇಕು, ಮುಖ ಮುಚ್ಚಿದರೆ ವ್ಯಾಕರಣವೇ ಹೋಗುತ್ತದೆ. ಅಂದಮೇಲೆ ನಿಮ್ಮ ಮಗಳ ಗುರುತು ಆ ವೀಡಿಯೊದಲ್ಲಿ ಇದ್ದೇ ಇರುತ್ತದೆ. ಒಮ್ಮೆ ಅಂತರ್ಜಾಲಕ್ಕೆ ಹೋದರೆ ವಾಪಸು ಬರುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಕ್ಕಳ ವಿಷಯದಲ್ಲಿ ತಂದೆ ತಾಯಿಯ ಒಪ್ಪಿಗೆ ಬೇಕೆನ್ನುತ್ತದೆ, ಸೋದರಮಾವನೆಂಬ ಸಲಿಗೆಗೆ ಒಪ್ಪಿಬಿಡಬೇಡಿ. ಜೊತೆಗೆ ಭಾಷೆ ಕಲಿಯುತ್ತಿರುವ ಏಳು ವರ್ಷದ ಮಗು ಒಳ್ಳೆಯ ಮಾದರಿಯೂ ಅಲ್ಲ. ಯಂತ್ರಕ್ಕೆ ಕನ್ನಡ ಕಲಿಸುವಾಗ ನಾವು ಒಂದನೆಯ ಕ್ಲಾಸಿನವರ ಧ್ವನಿ ಮಾತ್ರ ಕೊಡುತ್ತೇವೆಯೇ? ಅವನು ಕಿವುಡ ದೊಡ್ಡವರನ್ನು ಹುಡುಕಲಿ, ಅವರ ಸಮಯಕ್ಕೆ ದುಡ್ಡು ಕೊಡಲಿ, ಒಬ್ಬರ ವೀಡಿಯೊವನ್ನು ಕಲಿಸಲು ಬಳಸದೆ ಪರೀಕ್ಷೆಗೇ ಎತ್ತಿಡಲಿ. ಆಗ ಅಂಕ 99ರಿಂದ 60ಕ್ಕೆ ಇಳಿದೀತು. ಇಳಿದರೆ ಆ ಅಂಕವನ್ನೇ ವರದಿಯಲ್ಲಿ ಬರೆಯಲಿ. ನನ್ನಂಥವರು ಪರೀಕ್ಷಕರಾಗಿ ಬಂದರೆ ಆ 60ಕ್ಕೇ ಹೆಚ್ಚು ಅಂಕ ಕೊಡುತ್ತೇವೆ.

ಎಲ್ಲಿಂದ ಶುರುಮಾಡಲಿ ಎಂದು ನೀವು ಕೇಳಬಹುದು. ಕಿವುಡರ ನಡುವೆ ಪ್ರತಿಯೊಬ್ಬರಿಗೂ ಒಂದು ಸನ್ನೆ-ಹೆಸರು ಇರುತ್ತದೆ. ಕೆನ್ನೆಯ ಗುಳಿಯಿಂದಲೋ, ಜಡೆಯಿಂದಲೋ, ಯಾವುದೋ ಅಭ್ಯಾಸದಿಂದಲೋ ಗೆಳೆಯರು ಇಟ್ಟದ್ದು. ಎರಡು ವರ್ಷ ಆ ಶಾಲೆಯಲ್ಲಿದ್ದಾಳೆಂದರೆ ನಿಮ್ಮ ಮಗಳಿಗೂ ಒಂದು ಇದ್ದೇ ಇರುತ್ತದೆ. ಮುಂದಿನ ಸಲ ಅವಳು ಬಂದಾಗ ಅವಳ ಎದುರು ಕುಳಿತು ಅದನ್ನು ಕೇಳಿ. ನಿಮಗೂ, ಅವ್ವನಿಗೂ ಒಂದೊಂದು ಹೆಸರು ಇಡಲು ಅವಳಿಗೇ ಹೇಳಿ.